ತಗಡಿನ ಕಪ್ಪೆ

ಜೂನ್ ೧೨, ಗುರುವಾರ

ನಿದ್ದೆ ಹತ್ತಿರವೂ ಸುಳಿಯುತ್ತಿಲ್ಲ. ಹಳೇ ಸಾಮಾನಿನ ಅಂಗಡಿಯಲ್ಲಿ ಇವತ್ತು ಕೀ ಕೊಟ್ಟರೆ ಕುಪ್ಪಳಿಸುವ ತಗಡಿನ ಕಪ್ಪೆ ಸಿಕ್ಕಿತು! ನನಗೆ ಏಳು ವರ್ಷವಿದ್ದಾಗ, ಮನೆ ಬದಲಾಯಿಸುವಾಗ ಕಳೆದುಹೋದದ್ದು ಇಂಥದ್ದೇ. ಇಷ್ಟು ವರ್ಷ ಒಂದೊಂದಾಗಿ ಕೊಂಡು ಕಪಾಟಿನ ತುಂಬ ಬೊಂಬೆ ಜೋಡಿಸಿಟ್ಟರೂ ನಾನು ಹುಡುಕುತ್ತಿದ್ದುದು ಇದನ್ನೇ.

"ಐವತ್ತಾಯ್ತು, ಇನ್ನೂ ಆಟದ ಸಾಮಾನಾ?" ಎಂದು ಶುರುಮಾಡಿದ ಅಮ್ಮ, ಕಪ್ಪೆ ಕಂಡದ್ದೇ ಅದನ್ನು ಕೈಗೆತ್ತಿಕೊಂಡಳು.

"ಅದು ಕಳೆದುಹೋಗಿರ್ಲಿಲ್ಲ ಕಣೇ. ಸಾಮಾನು ಜಾಸ್ತಿಯಾಯ್ತು ಅಂತ ನಾನೇ ಪಕ್ಕದ್ಮನೆ ಮಗೂಗೆ ಕೊಟ್ಬಿಟ್ಟೆ. ನೀನು ಹುಡುಕ್ತಾನೇ ಇದ್ದೆ, ನಂಗೆ ಹೇಳೋಕೆ ಬಾಯೇ ಬರ್ಲಿಲ್ಲ."

ಸಿಟ್ಟು ಬರಬೇಕಿತ್ತು, ನಗು ಬಂತು. "ಹಾಗಾದ್ರೆ ಕೀ ನೀನೇ ಕೊಡು," ಎಂದೆ.

ಮಂಡಿನೋವು ಮರೆತು ಅಮ್ಮ ನೆಲದ ಮೇಲೆ ಕೂತಳು. ಕಪ್ಪೆ ಸೋಫಾದಡಿ ನುಗ್ಗಿತು. ಕೋಲು ಹಾಕಿ ಎಳೆದೆವು. "ಇನ್ನೊಂದ್ಸಲ," ಎಂದಳು.

ಹಜಾರದಿಂದ ಈಗ ಮತ್ತೆ ಕಪ್ಪೆಯ ಟಕಟಕ ಸದ್ದು. ಅಮ್ಮ ಇನ್ನೂ ಮಲಗಿಲ್ಲ. ನಾನೂ ಎದ್ದು ಹೋಗುತ್ತೇನೆ.