ನಿನ್ನ ಪಿಸ್ತೂಲಿನ ಮೊನೆ

ಲ್ಯಾಂಡರ್, ವಯೋಮಿಂಗ್

ಡೆಲ್ಮರ್,

ನೀನು ತೀರಿಕೊಂಡ ಮೇಲೆ ಭಾನುವಾರಗಳಂದು ನಿನ್ನ ಪಿಸ್ತೂಲನ್ನು ಶೂಟಿಂಗ್ ಕ್ಲಬ್ಬಿನ ಮೈದಾನಕ್ಕೆ ನಾನೇ ಒಯ್ಯುತ್ತೇನೆ. ಕಳೆದ ವಾರ ಅದು ಕೈಕೊಟ್ಟಿತು. ಗುರಿ ನೋಡಲು ಮುಂದುಗಡೆ ಇರುತ್ತದಲ್ಲ, ಆ ಪುಟ್ಟ ಮೊನೆ ಕಿತ್ತು ಹುಲ್ಲಿನಲ್ಲಿ ಎಲ್ಲೋ ಬಿತ್ತು. ನೀನು ಕೂರಿಸಿದ್ದು ಅದು. ಎಲ್ಲರೂ ಹೋದ ಮೇಲೂ ಮಂಡಿಯೂರಿ ಹುಡುಕಿದೆ, ಸಿಗಲಿಲ್ಲ.

ಹೊಸದನ್ನು ತರಿಸಿಕೊಂಡು ನಿನ್ನ ತಮ್ಮನ ವರ್ಕ್‌ಶಾಪಿಗೆ ಹೋದೆ.

"ಕೊಡಿ ಅತ್ತಿಗೆ, ನಾನು ಹಾಕ್ಕೊಡ್ತೀನಿ," ಎಂದ ವೆಂಡೆಲ್.

"ಬೇಡ ಕಣೋ, ನಾನೇ ಹಾಕ್ತೀನಿ. ನೀನು ಲೈಟ್ ಹಿಡಿ ಸಾಕು."

"ಅಣ್ಣಂಗೂ ಹಿಂಗೇ ಲೈಟ್ ಹಿಡಿದು ಹಿಡಿದು ನನ್ನ ಅರ್ಧ ಆಯುಸ್ಸು ಹೋಯ್ತು," ಎಂದು ಗೊಣಗುತ್ತಲೇ ಹಿಡಿದ.

ಒಳಗೆ ಗುಂಡಿಲ್ಲವೆಂದು ಮತ್ತೆ ಮತ್ತೆ ನೋಡಿಕೊಂಡು ಪಿಸ್ತೂಲಿನ ಮೇಲ್ಭಾಗ ಬಿಚ್ಚಿದೆ. ಮೊನೆ ಕೂರುವ ತೂತಿನಲ್ಲಿ ನೀನು ಹಚ್ಚಿದ್ದ ಅಂಟು ಇನ್ನೂ ಇತ್ತು. ಅದನ್ನು ಸ್ಪಿರಿಟ್ಟಿನಿಂದ ಒರೆಸಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ವೆಂಡೆಲ್ ಅವಸರ ಮಾಡಲಿಲ್ಲ. ಹೊಸ ಮೊನೆಯನ್ನು ನೆಟ್ಟಗೆ ಕೂರಿಸಿ, ಸ್ಕ್ರೂವಿಗೆ ಒಂದು ಹನಿ ಅಂಟು ಹಾಕಿ, ಒಳಗಡೆಯಿಂದ ಬಿಗಿದೆ.

"ಸಾಕು ಅತ್ತಿಗೆ, ಇನ್ನೂ ತಿರುಗಿಸಿದ್ರೆ ಮುರಿಯುತ್ತೆ."

ಅಂಟು ಒಣಗಲೆಂದು ಮರುದಿನದವರೆಗೆ ಬಿಟ್ಟೆ.

ಇಂದು ಬೆಳಿಗ್ಗೆ ಇಬ್ಬರೂ ಮೈದಾನಕ್ಕೆ ಹೋದೆವು. ಬೆಟ್ಟದ ಕಡೆಯಿಂದ ಗಾಳಿ ಜೋರಾಗಿತ್ತು. ಆದರೂ ಹಾರಿಸಿದ ಗುಂಡುಗಳೆಲ್ಲ ಗುರಿಯ ಕಾಗದದ ನಟ್ಟನಡುವೆ, ಒಂದು ಅಂಗೈಯಿಂದ ಮುಚ್ಚಬಹುದಾದಷ್ಟು ಜಾಗದಲ್ಲೇ ಬಿದ್ದಿದ್ದವು. ನನ್ನ ಕೈಯಲ್ಲಿ ಎಂದೂ ಹಾಗೆ ಬಿದ್ದಿರಲಿಲ್ಲ. ಪಿಸ್ತೂಲು ಕೆಳಗಿಟ್ಟು, "ನೋಡಿದ್ಯಾ, ಡೆಲ್ಮರ್?" ಎನ್ನುತ್ತ ಪಕ್ಕಕ್ಕೆ ತಿರುಗಿದೆ.

ಅಲ್ಲಿದ್ದವನು ವೆಂಡೆಲ್. ಮೆಲ್ಲಗೆ, "ಹ್ಞೂಂ, ನೋಡಿದೆ," ಎಂದ.