ಅಳತೆ ಮೀರಿದ ಎಣ್ಣೆ

ಹುಣಸೂರು
೨೨ ನವೆಂಬರ್ ೨೦೨೪, ಶುಕ್ರವಾರ

ಪುಟ್ಟಿಯ ಅಪ್ಪನಿಗೆ ಪುಷ್ಪಾ ಮಾಡುವ ನಮಸ್ಕಾರ.

ಸೋಮಮ್ಮಕ್ಕನ ಮನೆಯಲ್ಲಿ ಕುಳಿತು ಬರೆಯುತ್ತಿದ್ದೇನೆ. ಎರಡು ದಿನ ಅಕ್ಕನ ಜೊತೆ ಇದ್ದು ಬರುತ್ತೇನೆ ಎಂದು ನಿನ್ನೆ ಫೋನಿನಲ್ಲಿ ಹೇಳಿದ್ದು ಸುಳ್ಳು. ನಿಜ ಹೇಳಲು ಹೊರಟರೆ ನನಗೆ ಅಳು ಬರುತ್ತದೆ, ನೀವು ‘ಆಮ್ಯಾಕೆ ಮಾತಾಡಾನ ಬುಡು’ ಎಂದು ಇಟ್ಟುಬಿಡುತ್ತೀರಿ. ಅದಕ್ಕೇ ಕಾಗದ.

ನಿನ್ನೆ ಬೆಳಿಗ್ಗೆ ಕೊಪ್ಪದ ಮದುಮಗಳ ಅಲಂಕಾರಕ್ಕೆ ಹೊರಟಾಗ ನೀವೇ ಬಾನೆಟ್ ಎತ್ತಿ ಇಂಜಿನ್ನಿಗೆ ಎಣ್ಣೆ ಹಾಕಿದಿರಿ. ‘ಉಸಾರು ಕಣೆ, ಈ ಗಾಡಿ ಇನ್ನು ಬಾಳ ದಿನ ಬರಾಕಿಲ್ಲ’ ಎಂದು ಗೇಟು ತೆಗೆದಿರಿ. ಕಟ್ಟೆಮಳಲವಾಡಿ ದಾಟುವಷ್ಟರಲ್ಲಿ ಕನ್ನಡಿಯಲ್ಲಿ ಹಿಂದಿನ ರಸ್ತೆಯೇ ಕಾಣದಷ್ಟು ನೀಲಿ ಹೊಗೆ. ಬೈಕಿನವನೊಬ್ಬ ಮೂಗು ಮುಚ್ಚಿಕೊಂಡು ಬೈದು ಹೋದ. ನನಗೆ ಸಾಲಿಗ್ರಾಮದ ರೂಪಶ್ರೀ ನೆನಪಾದಳು. ಶ್ರಾವಣದ ಕೊನೆಯಲ್ಲಿ ಇದೇ ಹೊಗೆಯಿಂದ ನಾನು ದಾರಿಯಲ್ಲೇ ನಿಂತೆ. ಆ ಹುಡುಗಿ ತಾನೇ ಕಾಡಿಗೆ ಹಚ್ಚಿಕೊಂಡು ಹಸೆಮಣೆ ಏರಿದಳು. ‘ನಿನ್ನೇ ನಂಬ್ಕೊಂಡಿದ್ವಲ್ಲಮ್ಮ’ ಎಂದಳು ಅವಳ ತಾಯಿ. ಅಲ್ಲಿಂದಾಚೆ ಆ ಕಡೆಯಿಂದ ಒಬ್ಬರೂ ನನ್ನನ್ನು ಕರೆದಿಲ್ಲ. ಈ ಹುಡುಗಿಗೂ ಹಾಗೆ ಮಾಡಲಾರೆ ಎಂದು ಹುಣಸೂರಿನಲ್ಲಿ ಮೊದಲು ಕಂಡ ಗ್ಯಾರೇಜಿಗೆ ಗಾಡಿ ತಿರುಗಿಸಿದೆ.

ಗ್ಯಾರೇಜಿನವರ ಹೆಸರು ಚಿಕ್ಕಣ್ಣ, ಅರವತ್ತರ ಆಸುಪಾಸು. ನೀವು ನನಗೆ ಹೇಳಿದ್ದನ್ನೇ ಅವರಿಗೆ ಹೇಳಿದೆ. ಹಳೆಯ ಮಾರುತಿ, ಪಿಸ್ಟನ್ ರಿಂಗು ಸವೆದಿದೆ, ಎಣ್ಣೆ ಕುಡಿಯುತ್ತಿದೆ, ಇಂಜಿನ್ ಬಿಚ್ಚಬೇಕಂತೆ.

ಅವರು ಬಿಚ್ಚಲಿಲ್ಲ. ನನ್ನಿಂದಲೇ ಆಕ್ಸಿಲರೇಟರ್ ಒತ್ತಿಸಿ, ತಾವು ಹಿಂದೆ ಕುಕ್ಕರಗಾಲಿನಲ್ಲಿ ಕುಳಿತು ಹೊಗೆ ನೋಡಿದರು, ಮೂಸಿದರು. ಕಪ್ಪಗಿದ್ದರೆ ಪೆಟ್ರೋಲ್ ಹೆಚ್ಚಾಗಿದೆ ಅಂತ, ಬೆಳ್ಳಗೆ ಬರುತ್ತಲೇ ಇದ್ದರೆ ರೇಡಿಯೇಟರಿನ ನೀರು ಒಳಗೆ ಸೋರುತ್ತಿದೆ ಅಂತ, ನೀಲಿಯಾದರೆ ಎಣ್ಣೆ ಸುಡುತ್ತಿದೆ ಅಂತ. ಪಾಠ ಹೇಳುವ ಮೇಷ್ಟರ ಹಾಗೆ ನನಗೆ ವಿವರಿಸಿದರು. ಆಮೇಲೆ ಮೂರು ಪ್ಲಗ್ಗನ್ನೂ ಬಿಚ್ಚಿ ಒಂದೊಂದು ತೂತಿಗೂ ಒತ್ತಡ ನೋಡುವ ಮೀಟರು ಹಿಡಿದರು.

‘ರಿಂಗು ಗಟ್ಟಿಯಾಗವೆ ಕಣಮ್ಮ. ಮೂರೂ ಒಂದೇ ಸಮ ತೋರುಸ್ತಾವೆ. ಎಣ್ಣೆ ಯಾರು ಹಾಕ್ತಾರೆ?’

ನಮ್ಮನೆಯವರು, ವಾರಕ್ಕೊಂದು ಸಲ, ಎಂದೆ. ಸ್ವಲ್ಪ ಹೆಮ್ಮೆಯಿಂದಲೇ ಹೇಳಿದೆ.

ಅವರು ಎಣ್ಣೆ ನೋಡುವ ಕಡ್ಡಿ ಎಳೆದು, ಬಟ್ಟೆಯಲ್ಲಿ ಒರೆಸಿ, ಮತ್ತೆ ಅದ್ದಿ ನನ್ನ ಮುಂದೆ ಹಿಡಿದರು. ಮೇಲಿನ ಗೆರೆಗಿಂತ ಎರಡು ಬೆರಳು ಮೇಲೆ ಎಣ್ಣೆ. ‘ಎಣ್ಣೆ ಕುಡಿಯೋ ಗಾಡೀಲಿ ಎಣ್ಣೆ ಇಳೀಬೇಕು. ಇದ್ರಲ್ಲಿ ಏರ್ಕಂಡದೆ. ಒಳಗೆ ಜಾಗ ಸಾಲ್ದೆ ಉಕ್ಕಿ, ಗಾಳಿ ಎಳೆಯೋ ಕಡೆಯಿಂದ ಓಗಿ ಸುಡ್ತಾ ಅದೆ.’ ಗಾಳಿ ಸೋಸುವ ಫಿಲ್ಟರ್ ತೆಗೆದು ಹಿಂಡಿದರೆ ಎಣ್ಣೆ ತೊಟ್ಟಿಕ್ಕಿತು.

ಪಾಪ, ನಮ್ಮನೆಯವರಿಗೆ ಗೊತ್ತಾಗದೆ ಹಾಕಿದ್ದಾರೆ ಎಂದು ನಾನೇ ನಿಮ್ಮ ಪರ ಮಾತಾಡಿದೆ. ಚಿಕ್ಕಣ್ಣ ಗಾಡಿಯ ಬಾಗಿಲ ಮೇಲೆ ನೀವು ಪ್ರೀತಿಯಿಂದ ಬರೆಸಿಕೊಟ್ಟ ನನ್ನ ಹೆಸರನ್ನು ಇನ್ನೊಮ್ಮೆ ಓದಿದರು.

‘ಈ ಗಾಡಿ ದಸರಾದಾಗ ಬಂದಿತ್ತು ಕಣಮ್ಮ. ಕೆ.ಆರ್. ನಗರದಲ್ಲಿ ಗೊಬ್ಬರದಂಗಡಿ ಇಟ್ಟವ್ರಲ್ಲ, ನಂಜುಂಡೇಶಪ್ಪ, ಅವ್ರೇ ತಂದಿದ್ರು. ಎಚ್ಚಿನ ಎಣ್ಣೆಯೆಲ್ಲ ಇಳಿಸಿ, ಫಿಲ್ಟರ್ ಬದಲಾಯಿಸಿ, ಒಂದು ಎಳೆ ಹೊಗೆ ಇಲ್ದಂಗೆ ಮಾಡಿ ಕಳ್ಸಿದ್ದೆ. ಇನ್ನು ಒಂದು ತೊಟ್ಟೂ ಹಾಕ್ಬೇಡಿ ಅಂತ ಕಡ್ಡಿ ತೋರ್ಸಿ ಯೇಳಿದ್ದೆ. ಆಯ್ತು ಅಂದಿದ್ರು.’

ಅವರು ಹೇಳಿದ್ದು ನಿಮ್ಮದೇ ಹೆಸರು. ಆ ದಿನ ನನಗೆ ಚೆನ್ನಾಗಿ ನೆನಪಿದೆ. ರಿಪೇರಿ ಮಾಡಿಸಿ ಎಂದು ನಾನು ಹಟ ಹಿಡಿದಿದ್ದಕ್ಕೆ ನೀವು ಗಾಡಿ ತೆಗೆದುಕೊಂಡು ಹೋಗಿದ್ದಿರಿ, ಎಲ್ಲಿಗೆ ಎಂದು ಹೇಳಿರಲಿಲ್ಲ. ಸಂಜೆ ಮನೆಯ ಮುಂದೆ ತಂದು ನಿಲ್ಲಿಸಿದಾಗ ಬೀದಿ ತುಂಬ ಹೊಗೆ. ‘ಇಂಜಿನ್ ಓಗ್ಬುಟ್ಟದಂತೆ, ಮಾರೋದೇ ವಾಸಿ’ ಎಂದು ನನ್ನ ತಲೆ ಸವರಿದಿರಿ. ನಾನು ನಿಮ್ಮ ಭುಜಕ್ಕೆ ಒರಗಿ ಅತ್ತೆ.

ಹುಣಸೂರಿಗೂ ನಮ್ಮ ಮನೆಗೂ ನಡುವೆ ಎಲ್ಲಿ ಗಾಡಿ ನಿಲ್ಲಿಸಿದಿರಿ? ಯಾವ ಮರದ ಕೆಳಗೆ ನಿಂತು ಸುರಿದಿರಿ? ಅದೊಂದನ್ನು ತಿಳಿಯಬೇಕು ಅನ್ನಿಸುತ್ತಿದೆ. ಬೇರೆ ಹೆಂಗಸಿನ ಸಹವಾಸವೆಂದು ಯಾರಾದರೂ ಬಂದು ಹೇಳಿದ್ದರೆ ಜಗಳವಾಡಲು ಒಂದು ದಾರಿಯಿರುತ್ತಿತ್ತು. ಇದನ್ನು ಸೋಮಮ್ಮಕ್ಕನಿಗೆ ಹೇಳಿದರೆ ಅವಳಿಗೆ ಅರ್ಥವೇ ಆಗಲಿಲ್ಲ. ‘ಎಣ್ಣೆ ತಾನೆ ಹಾಕವ್ರೆ, ಇಸ ಹಾಕ್ನಿಲ್ವಲ್ಲ’ ಎನ್ನುತ್ತಾಳೆ.

ಚಿಕ್ಕಣ್ಣ ಎಣ್ಣೆ ಇಳಿಸಿದರು, ಪ್ಲಗ್ಗುಗಳನ್ನು ಉಜ್ಜಿ ಹಾಕಿದರು. ಪಿರಿಯಾಪಟ್ಟಣದ ತನಕ ಉಳಿದ ಹೊಗೆ ಬಂತು, ಆಮೇಲೆ ನಿಂತಿತು. ಮೂರು ಗಂಟೆಗೆ ಮುಂಚೆ ಕೊಪ್ಪ ಸೇರಿದೆ. ಹುಡುಗಿ ನನ್ನ ಮುಖ ನೋಡಿ, ‘ಆಂಟಿ, ಊಟ ಆಯ್ತಾ?’ ಎಂದಳು. ಅವಳ ಮುಖವನ್ನು ಚೆನ್ನಾಗಿಯೇ ತಿದ್ದಿದೆ.

ಸಂಜೆ ನೀವು ಫೋನ್ ಮಾಡಿದಿರಿ. ಗಾಡಿ ಹೆಂಗೆ ಓಡ್ತು ಎಂದಿರಿ. ಚೆನ್ನಾಗಿ ಎಂದೆ. ಹೊಗೆ ಎಂದಿರಿ. ಇಲ್ಲ ಎಂದೆ. ಒಂಚೂರೂ ಇಲ್ವಾ ಎಂದಿರಿ, ಎರಡು ಸಲ. ಇನ್ನೂ ಎಲ್ಲೋ ಉಳಿದಿದ್ದ ಒಂದಿಷ್ಟು ಅನುಮಾನ ಆಗ ಹೋಯಿತು.

ನಾನು ಸದ್ಯಕ್ಕೆ ಬರುವುದಿಲ್ಲ. ಮಾಘದ ಮದುವೆಗಳು ಮುಗಿಯುವ ತನಕ ಇಲ್ಲೇ, ಅಕ್ಕನ ಮಹಡಿಯ ಕೋಣೆಯಲ್ಲಿ ಇರುತ್ತೇನೆ. ಹಾಸ್ಟೆಲಿನಲ್ಲಿರುವ ಪುಟ್ಟಿಗೆ ಏನೂ ಹೇಳಿಲ್ಲ, ನೀವೂ ಹೇಳಬೇಡಿ, ಪರೀಕ್ಷೆ ಮುಗಿಯಲಿ. ಬಿ.ಪಿ. ಮಾತ್ರೆ ಫ್ರಿಜ್ಜಿನ ಮೇಲಿದೆ. ಬಂದು ಮಾತಾಡುವುದಾದರೆ ಒಬ್ಬರೇ ಬನ್ನಿ. ಹಿರಿಯರನ್ನು ಕರೆತಂದು ಪಂಚಾಯ್ತಿ ಮಾಡಿಸಬೇಡಿ.

ಇತಿ,
ಪುಷ್ಪಾ

ಮರೆತ ಮಾತು: ಏಕೆ ಹೀಗೆ ಮಾಡಿದರೋ ಗೊತ್ತಿಲ್ಲ ಎಂದು ಅಕ್ಕನಿಗೆ ಹೇಳಿದ್ದೇನೆ. ನನಗೆ ಗೊತ್ತು. ಶ್ರಾವಣದ ಮೊದಲ ಮುಹೂರ್ತಕ್ಕೆ ನೀವು ನನ್ನ ಜೊತೆ ಮಿರ್ಲೆಗೆ ಬಂದಿದ್ದಿರಿ. ಛತ್ರದ ಬಾಗಿಲಲ್ಲಿ ಹೆಣ್ಣಿನ ಸೋದರಮಾವ ನಿಮ್ಮನ್ನು ತಡೆದು, ‘ಡ್ರೈವರ್‌ಗಳಿಗೆ ಆ ಕಡೆ ಪಂಕ್ತಿ’ ಎಂದ. ನೀವು ನಕ್ಕು, ಹೋಗಿ ಅಲ್ಲೇ ಕುಳಿತು ಉಂಡಿರಿ. ನಾನು ಕಿಟಕಿಯಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದೆ, ನೀವೂ ನನ್ನನ್ನು ಕಂಡಿದ್ದಿರಿ. ಇವರು ನನ್ನ ಗಂಡ ಎಂದು ಹೇಳಲು ಒಂದು ನಿಮಿಷ ಸಾಕಿತ್ತು. ಅಷ್ಟು ಜನರ ಮುಂದೆ ನನಗೆ ನಾಚಿಕೆಯಾಯಿತು, ಹೇಳಲಿಲ್ಲ. ಅದರ ಮರುವಾರವೇ ಹೊಗೆ ಶುರುವಾಯಿತು. ಅವತ್ತು ಮನೆಗೆ ಬಂದು ನೀವು ನನ್ನ ಕೆನ್ನೆಗೆ ಹೊಡೆದಿದ್ದರೂ ನಾನು ಕಾಲು ಹಿಡಿದು ತಪ್ಪಾಯಿತು ಎನ್ನುತ್ತಿದ್ದೆ. ನೀವು ಬಾನೆಟ್ ಎತ್ತಿದಿರಿ.