ಬದಲಿ ಬರುವ ತನಕ

ಜುಲೈ 9, ಮಂಗಳವಾರ. ಸಂಜೆ 7.40

ಓಡೈಪಟ್ಟಿಯಲ್ಲಿ ಮೂವತ್ತೆರಡು ದನಕ್ಕೆ ಕಾಲುಬಾಯಿ ಜ್ವರದ ಸೂಜಿ. ಒಂದು ಎಮ್ಮೆ ಒದ್ದು ಮೊಣಕಾಲು ಊದಿದೆ. ಸರ್ಕಾರದ ಲೆಕ್ಕದಲ್ಲಿ ನಾನು ಲೈವ್‌ಸ್ಟಾಕ್ ಇನ್ಸ್‌ಪೆಕ್ಟರ್, ಊರಿಗೆ ದನದ ಡಾಕ್ಟರ್. ಎಮ್ಮೆಗೆ ಎರಡೂ ಒಂದೇ.

ಹೊರಡುವಾಗ ವೇಲು ಫೋನ್. ಮನೆಯಲ್ಲಿ ಕನ್ನಡ ಆಡುವ ನಮ್ಮ ಜನ ದೇವರಿಗೆ ಬಿಟ್ಟ ದನ ಮೇಯಿಸುವವನು ಅವನು. ಕೆಲವು ದಿನದಿಂದ ದನ ತಳ್ಳದೆ ಹಟ್ಟಿಯೊಳಗೆ ಹೋಗುತ್ತಿಲ್ಲ, ಜ್ವರವೇನೋ ಅಂದ. ಹೋದೆ. ನಲವತ್ತೊಂದೂ ಬಾಗಿಲ ಮುಂದೆ ನಿಂತಿದ್ದವು. ಆರಕ್ಕೆ ಥರ್ಮಾಮೀಟರ್ ಇಟ್ಟು ನೋಡಿದೆ. ಜ್ವರವಿಲ್ಲ. ಹೊಟ್ಟೆ ತುಂಬಿದೆ, ಮೆಲುಕು ಹಾಕುತ್ತಿವೆ. ಆದರೆ ಎಲ್ಲದರ ಮುಖವೂ ಬಾಗಿಲ ಎಡಗಡೆಯ ಕಲ್ಲುಕಂಬದ ಕಡೆ. ಚಿನ್ನಯ್ಯ ಮಾಮ ದಿನಾ ಸಂಜೆ ನಿಲ್ಲುತ್ತಿದ್ದ ಜಾಗ.

ಮಾಮ ಸತ್ತು ಇವತ್ತಿಗೆ ಹನ್ನೆರಡು ದಿನ. ಅವರ ಕೋಲು ಇನ್ನೂ ಆ ಕಂಬಕ್ಕೇ ಒರಗಿದೆ. ಯಾರೂ ಮುಟ್ಟಿಲ್ಲ.

ಒಂದೊಂದನ್ನೇ ತಳ್ಳಿ ಒಳಗೆ ಹಾಕಲು ಒಂದು ಗಂಟೆ ಹಿಡಿಯಿತು.

ಜುಲೈ 10, ಬುಧವಾರ. ಬೆಳಿಗ್ಗೆ 5.30

ಹದಿನಾರನೇ ದಿನದ ಕಾರ್ಯಕ್ಕೆ ಮಾಮನ ಬಗ್ಗೆ ಒಂದು ಪುಟ ಬರೆದು ಓದಬೇಕಂತೆ. ಊರಿನ ದೊಡ್ಡವರು ನನ್ನ ತಲೆಗೇ ಕಟ್ಟಿದ್ದಾರೆ. ಶಾಲೆಯಲ್ಲಿ ಕಲಿತ ತಮಿಳಿನಲ್ಲಾದರೆ ಸಲೀಸು. ಆದರೆ ಮಿಲಿಟರಿ ಕೆಲಸದಲ್ಲಿ ಬೆಳಗಾವಿಯಲ್ಲಿದ್ದಾಗ ಕನ್ನಡ ಅಕ್ಷರ ಕಲಿತು ಬಂದವರು ಅವರು. ನಾವು ಮನೆಯಲ್ಲಿ ಆಡುವ ಮಾತಿಗೆ ಬರವಣಿಗೆಯೂ ಉಂಟು ಕಾಣ್ರೋ ಅಂತ, ಹಟ್ಟಿಯ ಗೋಡೆಯ ಮೇಲೆ ಇದ್ದಿಲಿನಲ್ಲಿ ಬರೆದು ತೋರಿಸಿದರು. ಹದಿನಾಲ್ಕು ಮಕ್ಕಳು ಕಲಿತೆವು. ಈಗಲೂ ಬರೆಯುವವನು ನಾನೊಬ್ಬನೇ. ಅದೂ ಈ ಡೈರಿಯಲ್ಲಿ ಮಾತ್ರ.

ಸರಿ, ಕನ್ನಡದಲ್ಲೇ ಬರೆದದ್ದು —

ಹವಾಲ್ದಾರ್ ಚಿನ್ನಯ್ಯ. ಎಪ್ಪತ್ತೈದು ವರ್ಷ. ಊರಿಗೆಲ್ಲ ‘ಪಟ್ಟಾಳತ್ತಾರ್’, ಅಂದರೆ ದಂಡಿನವರು. ಮಿಲಿಟರಿಯಿಂದ ಬಂದ ಮೇಲೆ ಮೂವತ್ತನಾಲ್ಕು ವರ್ಷ ಊರಿಗೇ ದುಡಿದರು. ತೇನಿ ಆಸ್ಪತ್ರೆಗೆ ಯಾರನ್ನು ಸೇರಿಸಿದರೂ ಹೊರಗಿನ ಬೆಂಚಿನ ಮೇಲೆ ಅವರು. ಹೆಣಕ್ಕೆ ಮೊದಲ ಹೆಗಲು ಅವರದು. ಸಂಜೆ ಐದೂವರೆಗೆ ಹಟ್ಟಿ ಬಾಗಿಲು. ‘ಥಮ್’ ಅಂದರೆ ದನ ನಿಲ್ಲುತ್ತಿದ್ದವು. ‘ಆಗೇ ಬಢ್’ — ಒಂದರ ಹಿಂದೊಂದು ಒಳಗೆ. ಪ್ರತಿಯೊಂದರ ಬೆನ್ನನ್ನೂ ಕೋಲಿನಿಂದ ಮುಟ್ಟಿ ಎಣಿಸಿ, ಎಲ್ಲದರ ಹಿಂದೆ ತಾವೂ ಒಳಗೆ ಹೋಗಿ ನೀರು ನೋಡಿ ಬರುವುದು. ಕಂಬಂ ಕಣಿವೆಯಲ್ಲಿ ಹಿಂದಿ ಬಲ್ಲ ದನ ಇವು ಮಾತ್ರ ಎಂದು ನಾನು ಗೇಲಿ ಮಾಡುತ್ತಿದ್ದೆ. (ಇದನ್ನು ಓದಬಾರದು.)

ಎಪ್ಪತ್ತೊಂದರ ಯುದ್ಧದ ಕಥೆ ಸೇರಿಸಿದೆ. ಒಂದು ಸೇತುವೆಯ ಬುಡದಲ್ಲಿ ಪಹರೆ. ಬದಲಿಗೆ ಬರಬೇಕಿದ್ದವನು ದಾರಿಯಲ್ಲೇ ಸತ್ತಿದ್ದ. ಮಾಮನಿಗೆ ಅದು ಗೊತ್ತಿಲ್ಲ. ಎರಡು ರಾತ್ರಿ, ಒಂದು ಹಗಲು ನಿಂತೇ ಇದ್ದರು. ಯಾರೂ ನೋಡುತ್ತಿರಲಿಲ್ಲವಲ್ಲ, ಬಿಟ್ಟು ಬರಬಹುದಿತ್ತಲ್ಲ ಎಂದು ನಾವು ಕೇಳುತ್ತಿದ್ದೆವು. ಪ್ರತಿ ಸಲವೂ ಒಂದೇ ಉತ್ತರ:

“ಒಬ್ಬ ಬಂದು ಎದ್ರಿಗೆ ನಿಂತು ‘ನಾ ಬಂದೀನಿ, ನೀ ಓಗು’ ಅನ್ಬೇಕು. ಅಲ್ಲೀಗಂಟ ಜಾಗ ನಿಂದೇ.”

ಅದೇ ದಿನ. ಸಂಜೆ 7

ಇವತ್ತೂ ತಳ್ಳಿಯೇ ಹಾಕಿದ್ದು. ಬಲಗಡೆಯ ಕಂಬದ ಹತ್ತಿರ ನಿಂತು, ದನ ಎಣಿಸಲು ಕ್ಯಾಂಪಿಗೆ ಒಯ್ಯುವ ಕೌಂಟರ್ ಒತ್ತುತ್ತಾ ಹೋದೆ. ಗಾಳಿ, ಧೂಳು. ನಲವತ್ತೆರಡು.

ಒಳಗೆ ಹೋಗಿ ಎಣಿಸಿದೆ. ನಲವತ್ತೊಂದು.

ಕಣ್ಣಾರೆ ಕಂಡರೂ ಪ್ರಮಾಣಿಸಿ ನೋಡು ಅಂತಾರೆ. ಕಿವಿಯ ಟ್ಯಾಗ್ ಹಿಡಿದು ಇನ್ನೊಮ್ಮೆ ನೋಡಿದೆ. ನಲವತ್ತೊಂದೇ. ಎಲ್ಲೋ ಎರಡು ಸಲ ಒತ್ತಿರಬೇಕು.

ಜುಲೈ 11

ಮತ್ತೆ 42. ಒಳಗೆ 41.

ಜುಲೈ 12

ಇವತ್ತು ಎಣಿಸಲಿಲ್ಲ. ಕಣ್ಣು ಮುಚ್ಚಿ ಕಿವಿಗೊಟ್ಟೆ. ಕೊನೆಯ ಹಸು ಹೋಯಿತು. ಅದರ ಹಿಂದೆ ಇನ್ನೊಂದು ಹೆಜ್ಜೆ ಸದ್ದು, ನಿಧಾನಕ್ಕೆ… ನಾಲ್ಕು ಕಾಲಿನದಲ್ಲ.

ವೇಲುವನ್ನು ಕೇಳಿದೆ. ಮಾಮ ಸತ್ತ ಮಾರನೇ ದಿನದಿಂದಲೂ ತನಗೆ ಕೇಳಿಸುತ್ತಿದೆ, ಅದಕ್ಕೇ ನಿಮ್ಮನ್ನು ಕರೆದದ್ದು ಅಂದ. ಜ್ವರ ಅಂದೆಯಲ್ಲೋ ಅಂದರೆ, ಬೇರೇನು ಹೇಳಿದ್ದರೆ ಬರುತ್ತಿದ್ರಿ ಅಂತ ನನಗೇ ತಿರುಗಿಸಿ ಕೇಳಿದ.

ಜುಲೈ 13, ಶನಿವಾರ

ಹದಿನಾರನೇ ದಿನ ಮುಗಿಯಿತು. ಪುಟ ಓದಿದೆ. ಅರ್ಧ ಜನಕ್ಕೆ ನನ್ನ ಪುಸ್ತಕದ ಕನ್ನಡ ತಿಳಿಯಲಿಲ್ಲ. ಆದರೂ ಅತ್ತರು.

ಒಂದು ವಿಷಯ ಬರೆದಿರಲಿಲ್ಲ. ಇಲ್ಲಿ ಬರೆಯುತ್ತೇನೆ. ಯಾರು ಓದುತ್ತಾರೆ?

ಮೇ ತಿಂಗಳಲ್ಲಿ ಮಾಮ ಕೇಳಿದ್ದರು, ನನ್ನ ಬಳಿಕ ಹಟ್ಟಿ ಬಾಗಿಲಲ್ಲಿ ನೀನು ನಿಲ್ಲುತ್ತೀಯಾ ಅಂತ. ‘ನೋಡೋಣ ಮಾಮ’ ಅಂದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು — ಅಂಥ ಮಾತು. ದಿಂಡಿಗಲ್ ಟ್ರಾನ್ಸ್‌ಫರ್‌ಗೆ ಆಗಲೇ ಅರ್ಜಿ ಹಾಕಿದ್ದೆ. ಜೂನ್ 28ರ ಮಧ್ಯಾಹ್ನ ಫೋನ್ ಮಾಡಿದರು. ಕಾಲು ನಡುಗುತ್ತಿದೆ, ಇವತ್ತೊಂದು ಸಂಜೆ ಬಂದು ನಿಲ್ಲು ಅಂದರು. ಬರುತ್ತೇನೆ ಅಂದೆ. ಆರು ಗಂಟೆಗೆ ನಾನು ತೇನಿಯಲ್ಲಿ, ಅದೇ ಟ್ರಾನ್ಸ್‌ಫರ್ ಫೈಲಿಗಾಗಿ ಆಫೀಸಿನ ಗುಮಾಸ್ತನಿಗೆ ಟೀ ಕುಡಿಸುತ್ತಿದ್ದೆ.

ಕಂಬಕ್ಕೆ ಒರಗಿ ನಿಂತಂತೆಯೇ ಜೀವ ಹೋಗಿತ್ತಂತೆ. ದನ ಒಂದೂ ಒಳಗೆ ಹೋಗಿರಲಿಲ್ಲ.

ನಾಚಿಕೆಯಾಗುತ್ತದೆ.

ಜುಲೈ 22, ಸೋಮವಾರ

ಒಂದು ವಾರ ಬರೆಯಲಿಲ್ಲ. ಆರ್ಡರ್ ಬಂತು. ಆಗಸ್ಟ್ ಒಂದಕ್ಕೆ ದಿಂಡಿಗಲ್‌ನಲ್ಲಿ ಸೇರಬೇಕು. ನಾನೂ ಹೆಂಡತಿ ತಿಲಗವತಿಯೂ ಹೋಗಿ ಮನೆ ನೋಡಿ ಬಂದೆವು. ಎರಡು ಕೋಣೆ, ಬಸ್‌ಸ್ಟ್ಯಾಂಡ್ ಹತ್ತಿರ. ಹದಿನೆಂಟು ವರ್ಷ ನನ್ನ ಬಟ್ಟೆಯಿಂದ ಸಗಣಿ ತೊಳೆದವಳು. ಅವಳ ಮುಖದಲ್ಲಿ ಅಷ್ಟು ನಗು ನಾನು ಕಂಡೇ ಇರಲಿಲ್ಲ.

ಮರಳಿದರೆ ಇಲ್ಲಿ ಆಡಿ ತಿಂಗಳ ಬಿರುಗಾಳಿ. ಹಟ್ಟಿಯ ಪಕ್ಕದ ದ್ರಾಕ್ಷಿ ಚಪ್ಪರ ಮಗುಚಿ ಬಿದ್ದಿದೆ. ಬಾಳೆ ಎಲ್ಲ ನೆಲಕ್ಕೆ. ಮಾಮನ ಕೋಲು ಮಾತ್ರ ಕಂಬಕ್ಕೆ ಒರಗಿದ ಹಾಗೇ ಇದೆ. ಕಂಬಕ್ಕೆ ಬೆರಳಷ್ಟು ಧೂಳು. ಕೋಲಿನ ಹಿಡಿಯಲ್ಲಿ ಧೂಳಿಲ್ಲ.

ಮೂರು ದಿನದಿಂದ ದನ ತಳ್ಳಿದರೂ ಒಳಗೆ ಹೋಗುತ್ತಿಲ್ಲವಂತೆ. ಹಗಲು ರಾತ್ರಿ ಬಯಲಲ್ಲೇ, ಕಂಬ ನೋಡುತ್ತಾ. ಮೇವಿಗೂ ಕದಲುವುದಿಲ್ಲ. ಗಬ್ಬದ ಹಸುವೊಂದು ಇವತ್ತು ಕಂದು ಹಾಕಿತು. ನಾನೇ ಕೈ ಹಾಕಿ ತೆಗೆದೆ. ಹೀಗೇ ಇದ್ದರೆ ಇನ್ನೂ ಸಾಯುತ್ತವೆ. ಪಳನಿ ಕಡೆಯ ಯಾವುದೋ ಗೋಶಾಲೆಗೆ ಹಂಚಿಬಿಡೋಣ ಎಂದು ದೊಡ್ಡವರು ಮಾತಾಡುತ್ತಿದ್ದಾರೆ. ಮುನ್ನೂರು ವರ್ಷದ ಹಟ್ಟಿ ಅಂತಾರೆ, ಎಷ್ಟೋ ಏನೋ. ಖಾಲಿಯಾಗುತ್ತದೆ.

ಕೈ ತೊಳೆಯಲು ಮಾಮನ ಮನೆಗೆ ಹೋದೆ. ರಂಗಮ್ಮಾಳ್ ಅತ್ತೆ ನೀರು ಹೊಯ್ದರು. ಗಂಡ ಸತ್ತು ತಿಂಗಳಾಗಿಲ್ಲ, ದನಿ ಗಟ್ಟಿಯಾಗೇ ಇತ್ತು.

“ದನಕ್ಕೆ ಏನೂ ನೋವಿಲ್ಲಪ್ಪಾ ಶರವಣಾ. ಅವ್ರು ಇನ್ನಾ ಡ್ಯೂಟಿ ಇಳಿಲಿಲ್ಲ. ಬದ್ಲಿ ಬರ್ದೆ ಎಂಗ್ ಓಯ್ತಾರೆ?”

ಬೇರೆ ಯಾರಾದರೂ ಹೋಗಿ ‘ನಾ ಬಂದೀನಿ’ ಅಂತ ಹೇಳಬಹುದಲ್ಲ, ವೇಲು ಹೇಳಬಹುದಲ್ಲ ಅಂದೆ. ಅವನು ಎರಡು ಸಲ ಹೇಳಿ ನೋಡಿದನಂತೆ. ದನ ಕಿವಿಯೂ ಆಡಿಸಲಿಲ್ಲವಂತೆ.

“ಅವ್ರು ಕೂಗಿದ್ದು ಯಾರ್ನ?” ಅಂದರು ಅತ್ತೆ.

ಜುಲೈ 23, ಮಂಗಳವಾರ. ಸಂಜೆ 7.15

ಆದದ್ದು ಆದ ಹಾಗೆ ಬರೆಯುತ್ತೇನೆ.

ಐದೂವರೆಗೆ ಎಡಗಂಬದ ಎದುರು ನಿಂತೆ. ಗಾಳಿ ನಿಂತಿತು. ಅಲ್ಲಿ ಏನೂ ಕಾಣಲಿಲ್ಲ. ಆದರೆ ಮಾಮ ಸೇದುತ್ತಿದ್ದ ಬೀಡಿಯ ವಾಸನೆ. ಮಾಮನಿಗೆ ತಪ್ಪಾಯಿತು ಅನ್ನಬೇಕೆಂದು ಹೋದವನು. ಅದು ಬಾಯಿಗೆ ಬರಲಿಲ್ಲ. ಬಂದದ್ದು ಇಷ್ಟೇ:

“ನಾ ಬಂದೀನಿ ಮಾಮಾ. ನೀವು ಓಗಿ.”

ನಲವತ್ತೊಂದೂ ಒಟ್ಟಿಗೆ ಮುಖ ತಿರುಗಿಸಿದವು. ನನ್ನ ಕಡೆಗೆ.

‘ಆಗೇ ಬಢ್’ ಅಂದೆ. ಒಂದರ ಹಿಂದೊಂದು ಒಳಗೆ ಹೋದವು. ಎಣಿಸಿದೆ. ನಲವತ್ತೊಂದು. ಆಮೇಲೆ ಆ ಹೆಜ್ಜೆ ಸದ್ದು. ಈ ಸಲ ಒಳಗೆ ಹೋಗಲಿಲ್ಲ. ನನ್ನ ಭುಜದ ಪಕ್ಕದಿಂದ ಹಾದು, ಸುಡುಗಾಡಿನ ದಾರಿ ಹಿಡಿಯಿತು.

ಕೋಲು ಎತ್ತಿಕೊಂಡೆ. ಹಿಡಿ ಬೆಚ್ಚಗಿತ್ತು.

ಪಕ್ಕದ ಕೋಣೆಯಲ್ಲಿ ತಿಲಗವತಿ ಪಾತ್ರೆಗಳನ್ನು ಪೇಪರಿನಲ್ಲಿ ಸುತ್ತಿ ಮೂಟೆ ಕಟ್ಟುತ್ತಿದ್ದಾಳೆ. ಹಾಡಿಕೊಳ್ಳುತ್ತಿದ್ದಾಳೆ. ಅವಳಿಗೆ ಇನ್ನೂ ಹೇಳಿಲ್ಲ. ಹೇಗೆ ಹೇಳಲಿ? ನಾಳೆ ಐದೂವರೆಗೆ ನಾನು ಅಲ್ಲಿರಬೇಕು. ನಾಳಿದ್ದೂ.

ನನಗೀಗ ನಲವತ್ತೇಳು. ನನ್ನ ಬಳಿಕ ಆ ಕಂಬದ ಎದುರು ಬಂದು, ನಮ್ಮ ಮಾತಿನಲ್ಲಿ, ಆ ಒಂದು ಮಾತು ಹೇಳಲು ಯಾರಿದ್ದಾರೆ?